ಲಾಂಡ್ರಿ ಕೋಣೆಯ ಹಳದಿ ಫರ್ಮಾನು

"ಇವತ್ತಿಂದ ಈ ಮನೇಲಿ ಭಯದ ಆಳ್ವಿಕೆ ಖತಂ!"

ಹೀಗೆ ಘೋಷಿಸಿದವನು ಯಾವ ಕ್ರಾಂತಿವೀರನೂ ಅಲ್ಲ. ಸ್ವೀಡನ್ನಿನ ಶೋವ್ಡೆ ಊರಿನ ಕಾರ್ ಇಂಜಿನ್ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗದ ಹಿರಿಯ ಇಂಜಿನಿಯರ್, ಮೂಲತಃ ಬೆಂಗಳೂರಿನ ರಾಜಾಜಿನಗರದ ರಾಜಶೇಖರ. ಘೋಷಣೆಗೆ ಅವನು ಆರಿಸಿಕೊಂಡ ವೇದಿಕೆ ಸ್ವಂತ ಮನೆಯ ಟೀವಿಯ ಮುಂದಿನ ಒಂದೂವರೆ ಅಡಿ ಜಾಗ. ಶುಕ್ರವಾರ ಸಂಜೆ ಆರೂಕಾಲು. ಸೋಫಾದ ಮೇಲೆ ಮೂವರು ಸಭಿಕರು: ಹೆಂಡತಿ ಪಾವನಾ, ಪಕ್ಕದ ಬೀದಿಯ ಗೆಳತಿ ಫಿಲೋಮಿನಾ, ಹದಿನಾಲ್ಕರ ಮಗಳು ಜಾನಕಿ. ಮೂವರಲ್ಲಿ ಒಬ್ಬರೂ ಅವನ ಮುಖ ನೋಡಲಿಲ್ಲ. ಅವನ ಎಡಬಲದಲ್ಲಿ ಉಳಿದಷ್ಟು ಟೀವಿಯನ್ನೇ ಕತ್ತು ಓರೆ ಮಾಡಿ ನೋಡಿದರು.

"ಅಪ್ಪಾ, ಮೂವ್!" ಎಂದಳು ಜಾನಕಿ.

ಟೀವಿಯಲ್ಲಿದ್ದದ್ದು ಕೊರಿಯಾದ ಧಾರಾವಾಹಿ. ಸಮುದ್ರದಂಡೆಯ ಒಂದು ಊರು. ಅಲ್ಲಿಗೆ ಬಿಳಿ ನಿಲುವಂಗಿಯ ಗುರುವೊಬ್ಬ ಬಂದಿದ್ದಾನೆ. ಪಾಪ ಮುಚ್ಚಿಟ್ಟವರ ಬಾಗಿಲ ಮೇಲೆ ತಾನಾಗಿಯೇ ಒಂದು ಹಳದಿ ಚೀಟಿ ಕಾಣಿಸಿಕೊಳ್ಳುತ್ತದೆ. ಏಳನೆಯ ದಿನ ಮುಖವಿಲ್ಲದ ಒಂದು ಆಕೃತಿ ಬಂದು ಆ ಮನೆಯ ಕದ ತಟ್ಟುತ್ತದೆ. ಚೀಟಿ ಕಂಡವರಿಗೆ ಒಂದೇ ದಾರಿ, ಗುರುವಿನ ಮುಂದೆ ಮಂಡಿಯೂರಿ ಅವನು ಹೇಳಿದಂತೆ ಕೇಳುವುದು. ಮೂರನೆಯ ಕಂತಿಗೇ ಊರಿನ ಮೇಯರ್, ಪೊಲೀಸ್ ಅಧಿಕಾರಿ, ದೊಡ್ಡಾಸ್ಪತ್ರೆಯ ಡಾಕ್ಟರು ಎಲ್ಲರೂ ಮಂಡಿಯ ಮೇಲೆ ನಿಂತಾಗಿತ್ತು.

"ಓದಿದೋರು ಕಣೇ ಅವ್ರೆಲ್ಲಾ!" ರಾಜಶೇಖರ ಟೀವಿಗೆ ಬೆನ್ನು ಕೊಟ್ಟೇ ಗುಡುಗಿದ. "ಒಂದು ಚೀಟಿ ನೋಡಿ ಡಾಕ್ಟರ್ ಮಂಡಿಯೂರ್ತಾನಾ? ಯಾರೋ ಗೋಂದು ಹಚ್ಚಿ ಅಂಟಿಸಿದಾರೆ ಅಂತ ತಲೆಗೆ ಹೊಳೆಯಲ್ವಾ? ಒಂದು ಸಿಸಿಟಿವಿ ಹಾಕಿದ್ರೆ ಮೊದಲ್ನೇ ಎಪಿಸೋಡಿಗೇ ಕಥೆ ಕ್ಲೋಸ್!"

"ಹೆದರಿಕೆ ಬಂದಾಗ ಓದಿದ್ದೆಲ್ಲಾ ಎಲ್ಲಿ ನೆನಪಿರತ್ತೆ ರೀ?" ಎಂದಳು ಪಾವನಾ.

"ಅದು ನಿಮ್ಮಂಥೋರಿಗೆ. ತಲೆ ಇರೋನು ಹೆದರಲ್ಲ. ನಿಜ ಜೀವನದಲ್ಲಿ ಚೀಟಿಗೆ ಮಂಡಿಯೂರೋ ಡಿಗ್ರಿ ಹೋಲ್ಡರ್ ಒಬ್ಬನ್ನ ತೋರ್ಸು ನೋಡೋಣ!"

"ತೋರಿಸ್ಬೇಕಾ?"

"ತೋರ್ಸು! ಒಂದು ತಿಂಗಳು ಟೈಮು. ತೋರಿಸಿದ್ರೆ ಈ ಕಾರ್ಪೆಟ್ ಮೇಲೆ ಕೂತು ಹನ್ನೆರಡೂ ಎಪಿಸೋಡ್ ಬಾಯಿ ಮುಚ್ಕೊಂಡು ನೋಡ್ತೀನಿ. ಕಾಫಿನೂ ನಾನೇ ಮಾಡ್ಕೊಡ್ತೀನಿ. ಆಗ್ಲಿಲ್ವೋ, ಧಾರಾವಾಹಿ ಬಂದ್. ಶುಕ್ರವಾರ ಸೋಫಾ ನಂದು!"

"ನಾನು ಸಾಕ್ಷಿ ಮಾರಾಯ್ರೆ," ಎಂದು ಫಿಲೋಮಿನಾ ಚಕ್ಕುಲಿ ಮುರಿದಳು. ಅವಳು ಕುಂದಾಪುರದ ಕಡೆಯವಳು, ಇಲ್ಲಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಬೆಂಗಳೂರಿನವರ ನಡುವೆ ಊರಿನ ಮಾತು ಹಿಡಿದಿಟ್ಟುಕೊಳ್ಳುತ್ತಿದ್ದಳು. ಖುಷಿಯಾದಾಗ ಮಾತ್ರ ಜಾರುತ್ತಿತ್ತು.

ಕೊನೆಯ ಮಾತಿನಲ್ಲಿತ್ತು ನೋಡಿ ಅಸಲು ವಿಷಯ! ತನ್ನ ಸಿಟ್ಟಿಗೆ ಕಾರಣ ವೈಚಾರಿಕತೆ ಎಂದು ರಾಜಶೇಖರ ನಂಬಿದ್ದ. ನಿಜವಾದ ಕಾರಣ ಸೋಫಾ. ಶುಕ್ರವಾರ ಸಂಜೆ ಅದು ಹೆಂಗಸರ ಪಾಲಾದಾಗಿನಿಂದ ಅವನು ಮಲಗುವ ಕೋಣೆಯಲ್ಲಿ ಫೋನು ಹಿಡಿದು ಕ್ರಿಕೆಟ್ ನೋಡುವ ದುರವಸ್ಥೆಗೆ ಇಳಿದಿದ್ದ. ಆದರೆ ಪಾವನಾಳಿಗೆ ಆ ಎರಡು ಗಂಟೆ ಬಿಟ್ಟರೆ ವಾರದಲ್ಲಿ ಬೇರೇನೂ ಇರಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಹದಿನೆಂಟು ಪುಟಾಣಿಗಳ ಮೂಗು ಒರೆಸಿ, ಹದಿನೆಂಟು ಜೊತೆ ಬೂಟು ತೊಡಿಸಿ, ಹದಿನೆಂಟು ಜಗಳ ಬಿಡಿಸಿ ಬಂದವಳು ಗೆಳತಿಯ ಭುಜಕ್ಕೊರಗಿ ಹಾಯಾಗಿ ಹೆದರಿಕೊಳ್ಳುವ ಹೊತ್ತು ಅದು. ಅದನ್ನು ಕಸಿಯಲು ಬಂದ ಗಂಡನನ್ನು ಅವಳು ಶಾಂತವಾಗಿ ನೋಡಿದಳು. ಹದಿನೇಳು ವರ್ಷ ಸಂಸಾರ ಮಾಡಿದ ಗಂಡಸಿಗೆ ಆ ಶಾಂತಿ ಕಂಡು ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಅವರ ಬಾಡಿಗೆ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆ, ಎಲ್ಲಕ್ಕೂ ಸೇರಿ ನೆಲಮಾಳಿಗೆಯಲ್ಲಿ ಒಂದೇ ಲಾಂಡ್ರಿ ಕೋಣೆ. ಗೋಡೆಯ ಹಲಗೆಯಲ್ಲಿ ಬೇಕಾದ ದಿನ, ಬೇಕಾದ ವೇಳೆಯ ಮುಂದೆ ನಿಮ್ಮ ಮನೆಯ ಪುಟ್ಟ ಬೀಗ ಸಿಕ್ಕಿಸಿದರೆ ಅಷ್ಟು ಹೊತ್ತು ಕೋಣೆ ನಿಮ್ಮದು. ಮುಗಿದ ಮೇಲೆ ಡ್ರೈಯರ್ ಜಾಲರಿಯಲ್ಲಿ ಕೂತ ಜುಂಗನ್ನು ತೆಗೆಯಬೇಕು, ನೆಲ ಒರೆಸಬೇಕು. ತಪ್ಪಿದರೆ? ಯಾರೂ ಬಂದು ಬೈಯುವುದಿಲ್ಲ. ಎದುರು ಸಿಕ್ಕರೆ ಎಲ್ಲರೂ 'ಹೇಯ್ ಹೇಯ್' ಎಂದು ನಕ್ಕೇ ಹೋಗುತ್ತಾರೆ. ಸಿಟ್ಟನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅಂಟಿಸುತ್ತಾರೆ. ಬರೆದವರ ಹೆಸರು ಇರುವುದಿಲ್ಲ. ಕೊನೆಗೆ 'ಸ್ನೇಹಪೂರ್ವಕ ವಂದನೆಗಳು' ಎಂದಿರುತ್ತದೆ. ಅದನ್ನು ಓದಿದ ಮೇಲೆಯೇ ಕೈಕಾಲು ತಣ್ಣಗಾಗುವುದು.

ಪಂಥ ಕಟ್ಟಿದ ಮೇಲಿನ ಭಾನುವಾರ ಬಟ್ಟೆ ಒಗೆಯುವ ಸರದಿ ರಾಜಶೇಖರನದು. ಒಗೆದ, ಒಣಗಿಸಿದ, ಫೋನಿನಲ್ಲಿ ಕ್ರಿಕೆಟ್ ನೋಡುತ್ತಲೇ ಬುಟ್ಟಿ ಎತ್ತಿಕೊಂಡು ಬಂದ. ಬುಧವಾರ ಮರೆತ ಕಾಲುಚೀಲ ಹುಡುಕಲು ಕೆಳಗಿಳಿದರೆ, ಡ್ರೈಯರ್ ಬಾಗಿಲ ಮೇಲೆ ಹಳದಿ ಚೀಟಿ! ಅದರ ಕೆಳಗೆ ಟೇಪು ಹಾಕಿ ಅಂಟಿಸಿದ ಸಾಕ್ಷ್ಯ, ಒಂದು ಮುಷ್ಟಿ ಜುಂಗು. ಅದರ ಬಣ್ಣ ಕೇಸರಿ. ಇಪ್ಪತ್ತನಾಲ್ಕು ಮನೆಗಳಲ್ಲಿ ಕೇಸರಿ ಬಣ್ಣದ ಟರ್ಕಿ ಟವೆಲ್ ಇದ್ದದ್ದು ಒಬ್ಬನೇ ಒಬ್ಬನ ಹತ್ತಿರ.

ಆರು ವರ್ಷ ಸ್ವೀಡನ್ನಿನಲ್ಲಿದ್ದರೂ ರಾಜಶೇಖರನಿಗೆ ಸ್ವೀಡಿಷ್ ಬರುತ್ತಿರಲಿಲ್ಲ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ಪಾವನಾ ಎರಡು ವರ್ಷ ಭಾಷಾ ತರಗತಿಗೆ ಹೋಗಿ ಪರೀಕ್ಷೆ ಪಾಸು ಮಾಡುವಾಗ "ಈ ವಯಸ್ಸಲ್ಲಿ ಅಆಇಈ ಯಾಕೆ?" ಎಂದು ಹಂಗಿಸಿದ ಮಹಾನುಭಾವ ಈತ. ಈಗ ಫೋನನ್ನು ಚೀಟಿಯ ಮುಂದೆ ಹಿಡಿದು ಅನುವಾದ ಓದಿದ.

'ಜಾಲರಿ ಸ್ವಚ್ಛ ಮಾಡದೆ ಹೋದವರೇ! ನೀವು ಯಾರೆಂದು ನಮಗೆ ಗೊತ್ತು. ಸ್ನೇಹಪೂರ್ವಕ ವಂದನೆಗಳು.'

ನಮಗೆ! ಅಂದರೆ ಎಷ್ಟು ಜನಕ್ಕೆ? ರಾಜಶೇಖರ ಹಿಂದೆ ತಿರುಗಿ ನೋಡಿದ. ಜುಂಗನ್ನು ಕಿತ್ತು ಪ್ಯಾಂಟಿನ ಜೇಬಿಗೆ ತುರುಕಿದ. ಮೂರೂ ಡ್ರೈಯರ್‌ಗಳ ಜಾಲರಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆದ. ಮನೆಗೆ ಬಂದವನೇ ಕೇಸರಿ ಟವೆಲ್ಲನ್ನು ಸೂಟ್‌ಕೇಸಿನ ತಳದಲ್ಲಿ ಬಚ್ಚಿಟ್ಟ.

"ಟವೆಲ್ ಎಲ್ಲಿ ರೀ?" ಎಂದಳು ಪಾವನಾ.

"ಯಾವ ಟವೆಲ್?"

"ಕೇಸರಿದು. ನಿಮ್ಮ ಜೇಬಲ್ಲಿ ಇಣುಕ್ತಿದೆಯಲ್ಲಾ, ಆ ಬಣ್ಣದ್ದು."

"ಹಳೇದಾಗಿತ್ತು, ಬಿಸಾಕ್ದೆ," ಎಂದು ಅವನು ಬಚ್ಚಲಿಗೆ ಓಡಿದ.

ನಗುವ ವಿಷಯವೇ, ಒಪ್ಪೋಣ. ಆದರೆ ಅವನ ಭಯ ಸುಳ್ಳಾಗಿರಲಿಲ್ಲ. ಕೆಲಸದ ಪರ್ಮಿಟ್ ವಿಸ್ತರಣೆಯ ಅರ್ಜಿ ಹಾಕಿ ನಾಲ್ಕು ತಿಂಗಳಾಗಿತ್ತು, ಉತ್ತರ ಬಂದಿರಲಿಲ್ಲ. ದೂರು ಮನೆ ಮಾಲೀಕರಿಗೆ ಹೋಗಿ, ಅಲ್ಲಿಂದ ಕೊಮ್ಯೂನ್ ಎಂಬ ನಗರಸಭೆಯ ಕಚೇರಿಗೆ ಹೋಗಿ, ಅಲ್ಲಿಂದ ವಲಸೆ ಅಧಿಕಾರಿಯ ಮೇಜಿಗೆ ಏರಿ, 'ಜಾಲರಿ ಸ್ವಚ್ಛ ಮಾಡದ ವ್ಯಕ್ತಿ' ಎಂದು ತನ್ನ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟರೆ? ಮಗಳ ಸ್ಕೂಲು? ಪಾವನಾಳ ಕೆಲಸ? ಯಾರನ್ನಾದರೂ ಕೇಳಲು ನಾಚಿಕೆ. ಕೇಳದೆ ನಿದ್ದೆಯಿಲ್ಲ.

ಕೊನೆಗೆ ಆಫೀಸಿನಲ್ಲಿ ಫೀಕಾ ಎಂಬ ಕಾಫಿ ವಿರಾಮದಲ್ಲಿ, ಕಾಫಿ ಲೋಟದ ಆಚೆಯಿದ್ದ ಲೆನ್ನಾರ್ಟ್ ಎಂಬ ಸಹೋದ್ಯೋಗಿಯನ್ನು ಕೇಳಿದ. "ನನ್ನ ಗೆಳೆಯನೊಬ್ಬನಿಗೆ ಲಾಂಡ್ರಿ ಕೋಣೆಯಲ್ಲಿ ಚೀಟಿ ಬಂದಿದೆಯಂತೆ. ಏನಾಗಬಹುದು?"

ಲೆನ್ನಾರ್ಟ್ ಅಗಿಯುವುದನ್ನು ನಿಲ್ಲಿಸಿದ. ಇಂಜಿನ್ ಸಿಡಿದಾಗಲೂ ಅವನು ಅಗಿಯುವುದನ್ನು ನಿಲ್ಲಿಸಿರಲಿಲ್ಲ.

"ಲಾಂಡ್ರಿ ಕೋಣೆಯೇ?" ಎಂದ. "ನನ್ನ ಚಿಕ್ಕಪ್ಪನಿಗೆ ಒಮ್ಮೆ ಬಂದಿತ್ತು."

"ಆಮೇಲೆ?"

"ಈಗ ಅವನು ಉಮೆಯೊದಲ್ಲಿದ್ದಾನೆ," ಎಂದು ಲೆನ್ನಾರ್ಟ್ ಕಿಟಕಿಯಾಚೆ ನೋಡಿದ. ಉಮೆಯೊ ಅಲ್ಲಿಂದ ರೈಲಿನಲ್ಲಿ ಒಂದು ಇಡೀ ದಿನದ ದಾರಿ. ಅವನ ಚಿಕ್ಕಪ್ಪ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಹೋದದ್ದು ಎಂಬುದನ್ನು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ.

ಮುಂದಿನ ಭಾನುವಾರ ಇವನ ವೇಳೆ ಶುರುವಾಗುವ ಹೊತ್ತಿಗೆ ಎರಡನೆಯ ಚೀಟಿ ಕಾದಿತ್ತು. 'ಜಾಲರಿ ಸರಿಹೋಯಿತು. ನೆಲ?' ರಾಜಶೇಖರ ನೆಲ ಒರೆಸಿದ. ಮನೆಯಲ್ಲಿ ಪೊರಕೆ ಎಲ್ಲಿಡುತ್ತಾರೆ ಎಂದು ಗೊತ್ತಿಲ್ಲದ ಗಂಡಸು ಮಂಡಿಯೂರಿ ಮೂಲೆಮೂಲೆ ಒರೆಸಿದ! ಬುಧವಾರ ಮತ್ತೆ ತಾನೇ ಬೀಗ ಸಿಕ್ಕಿಸಿ ಇಳಿದರೆ ಮೂರನೆಯದು, 'ನೆಲ ಪರವಾಗಿಲ್ಲ. ಕಿಟಕಿಯ ಗಾಜು ಅಳುತ್ತಿದೆ.' ಕಿಟಕಿ ತೊಳೆದ. ನಾಲ್ಕನೆಯದು, 'ಸೋಪಿನ ಪುಡಿ ಹಾಕುವ ಖಾನೆಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು ನಮ್ಮ ಸಂಪ್ರದಾಯ.' ತನ್ನ ಬ್ರಷ್ಷನ್ನೇ ಒಯ್ದು ಉಜ್ಜಿದ. ಎರಡನೆಯದರಿಂದ ಎಲ್ಲವೂ ಅವನ ವೇಳೆಯಲ್ಲೇ ಬರುತ್ತಿದ್ದವು, ಅವನ ಕಣ್ಣಿಗೇ ಬೀಳುತ್ತಿದ್ದವು. ಯಾರೋ ಗೋಂದು ಹಚ್ಚಿ ಅಂಟಿಸಿದ್ದಾರೆ ಎಂದು ಆ ಘನ ತಲೆಗೆ ಹೊಳೆಯಲಿಲ್ಲ. ಸಿಸಿಟಿವಿಯ ಯೋಚನೆಯೂ ಬರಲಿಲ್ಲ. ಕಾರ್ಖಾನೆಯಲ್ಲಿ ಒಂದು ಬೋಲ್ಟು ಸಡಿಲವಾದರೆ ಹನ್ನೆರಡು ಪುಟದ ವರದಿ ಬರೆಯುವ ಇಂಜಿನಿಯರ್, ಇಲ್ಲಿ ನಾಲ್ಕು ಸಾಲಿನ ಚೀಟಿಗೆ ತಲೆಬಾಗಿ ಬಕೆಟ್ ಹಿಡಿದ.

ಹೆದರಿದವನು ಸುಮ್ಮನೆ ಹೆದರಿಕೊಂಡಿದ್ದರೆ ಮನೆಯವರಿಗೆ ಕಷ್ಟವಿರಲಿಲ್ಲ. ಇವನು ಮನೆಯಲ್ಲಿ ಗುರುಪೀಠ ಏರಿದ! ಒಂದು ಬೆಳಿಗ್ಗೆ ಫ್ರಿಜ್ಜಿನ ಮೇಲೆ ಒಂದು ಹಾಳೆ ಕಾಣಿಸಿತು.

'ಒಂದು, ಮೆಟ್ಟಿಲ ಮೇಲೆ ಯಾರೂ ಮಾತಾಡಕೂಡದು. ಎರಡು, ಬಣ್ಣ ಬಿಡುವ ಬಟ್ಟೆ ನಿಷಿದ್ಧ. ಮೂರು, ಇಂಗಿನ ಒಗ್ಗರಣೆ ಶನಿವಾರ ಮಾತ್ರ, ಕಿಟಕಿ ಮುಚ್ಚಿ. ಸ್ನೇಹಪೂರ್ವಕ ವಂದನೆಗಳು.'

"ಅಪ್ಪಾ, ದಿಸ್ ಈಸ್ ಎ ಕಲ್ಟ್," ಎಂದು ಜಾನಕಿ ಹಾಲು ತೆಗೆದುಕೊಂಡು ಹೋದಳು.

ಪಾವನಾ ಮೂರನೆಯ ನಿಯಮವನ್ನು ಎರಡು ಸಲ ಓದಿದಳು. "ಇಂಗಿಲ್ದೆ ಸಾರು ಮಾಡ್ಲಾ?"

"ನಾಲ್ಕು ಜನ ವಾಸ ಮಾಡೋ ಕಟ್ಟಡ ಇದು. ಎಲ್ರ ಕಣ್ಣೂ ನಮ್ಮೇಲಿದೆ."

"ಯಾರ ಕಣ್ಣು ರೀ?"

"ಅವ್ರದ್ದು!"

"ಅವ್ರು ಅಂದ್ರೆ?"

ರಾಜಶೇಖರ ಸೂರು ನೋಡಿದ, ನೆಲ ನೋಡಿದ, ಆಫೀಸಿಗೆ ಹೊರಟ. ಪಾವನಾ ಅವನ ಹಿಂದೆ ಬಾಗಿಲು ಹಾಕಿದಳು, ಮೊದಲಿಗಿಂತ ಶಾಂತವಾಗಿ.

ಆ ವಾರದ ಭಾನುವಾರ ಐದನೆಯ ಫರ್ಮಾನು ಬಂತು. ಹಿಂದಿನವಕ್ಕಿಂತ ಉದ್ದ, ಹಿಂದಿನವಕ್ಕಿಂತ ಹಳದಿ.

'ಕೇಸರಿ ಟವೆಲ್ಲಿನವರೇ! ಶುಕ್ರವಾರ ಸಂಜೆ ಆರು ಗಂಟೆಗೆ ಬಿಳಿ ಬಟ್ಟೆ ತೊಟ್ಟು ಇಲ್ಲಿಗೆ ಬನ್ನಿ. ನಮ್ಮ ಪದ್ಧತಿಯಂತೆ ಏಳು ಬಗೆಯ ತಿಂಡಿ ತನ್ನಿ. ಮೊದಲು ಬಾಗಿಲು ತೆರೆದವರ ಮುಂದೆ ತಪ್ಪು ಒಪ್ಪಿಕೊಳ್ಳಿ, ಸ್ವೀಡಿಷ್‌ನಲ್ಲಿ. ಎಲ್ಲವೂ ಮನ್ನಾ. ಸ್ನೇಹಪೂರ್ವಕ ವಂದನೆಗಳು.'

ಏಳು ಬಗೆಯೇ? ರಾಜಶೇಖರ ಫೋನಿನಲ್ಲಿ ಹುಡುಕಿದ. ಹೌದು, ಮನೆಗೆ ಬಂದವರಿಗೆ ಕಾಫಿ ಜೊತೆ ಏಳು ಬಗೆಯ ಬಿಸ್ಕತ್ತು ಇಡುವುದು ಈ ದೇಶದ ಹಳೆಯ ಪದ್ಧತಿ. ಪದ್ಧತಿ ನಿಜವಾದ ಮೇಲೆ ಫರ್ಮಾನೂ ನಿಜವೇ! ಹೀಗೆ ತೀರ್ಮಾನಿಸಿದ ಮೇಲೆ ಅವನಿಗೆ ಒಂದು ಬಗೆಯ ನೆಮ್ಮದಿಯೇ ಆಯಿತು. ಆ ಶುಕ್ರವಾರಕ್ಕೆ ಪಂಥದ ತಿಂಗಳು ಮುಗಿಯುತ್ತದೆ. ಆರಕ್ಕೆ ತಪ್ಪೊಪ್ಪಿಗೆ, ಆರೂಕಾಲಕ್ಕೆ ಸೋಫಾದ ಪಟ್ಟಾಭಿಷೇಕ. ಪಾವನಾಳ ಕೈಯಲ್ಲಿ ಒಬ್ಬನನ್ನೂ ತೋರಿಸಲಾಗಲಿಲ್ಲವಲ್ಲ ಎಂದು ಕನ್ನಡಿಯ ಮುಂದೆ ನಿಂತು ನಕ್ಕ. ಆ ಕನ್ನಡಿಯಲ್ಲಿ ಯಾರಿದ್ದಾರೆ ಎಂದು ಸರಿಯಾಗಿ ನೋಡಲಿಲ್ಲ.

ನಾಲ್ಕು ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸ್ವೀಡಿಷ್ ಬಾಯಿಪಾಠ ಮಾಡಿದ. ತಿಂಡಿಗೆ ಅಡುಗೆಮನೆಯ ಮೇಲಿನ ಕಪಾಟಿಗೆ ಕೈ ಹಾಕಿದ. ಅಲ್ಲಿ ಪಾವನಾಳ ಅಮ್ಮ ಬೆಂಗಳೂರಿನಿಂದ ಕಳಿಸಿದ ಡಬ್ಬಿಗಳಿದ್ದವು, ದಿನಕ್ಕೊಂದರಂತೆ ಎಣಿಸಿ ತಿನ್ನುತ್ತಿದ್ದ ತಿಂಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಶಂಕರಪೋಳಿ, ರವೆ ಉಂಡೆ, ಖಾರದವಲಕ್ಕಿ. ಆರಾಯಿತು. ಏಳನೆಯದಕ್ಕೆ ಗ್ಲೂಕೋಸ್ ಬಿಸ್ಕತ್ತು ಜೋಡಿಸಿದ.

ಶುಕ್ರವಾರ ಆರು ಗಂಟೆ. ಲಾಂಡ್ರಿ ಕೋಣೆ ಫಳಫಳ. ನಡುವೆ ಮದುವೆಯ ಬಿಳಿ ಪಂಚೆ, ಬಿಳಿ ಶರಟು, ಕೈಯಲ್ಲಿ ಸ್ಟೀಲ್ ತಟ್ಟೆ ಹಿಡಿದು ನಿಂತ ರಾಜಶೇಖರ. ಹೊರಗೆ ಹೆಜ್ಜೆ ಸಪ್ಪಳ. ಬೀಗದಲ್ಲಿ ಕೀಲಿ ತಿರುಗಿತು. ಅವನ ಮಂಡಿಗಳು ಅವನನ್ನು ಕೇಳದೆಯೇ ಮಡಿಸಿಕೊಂಡವು.

ಬಾಗಿಲು ತೆರೆದವಳು ಮೂರನೆಯ ಮಹಡಿಯ ಗುನ್ನೆಲ್ ಅಜ್ಜಿ. ಎಂಬತ್ತು ದಾಟಿದವಳು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಒಗೆಯುವ ಬಟ್ಟೆಯ ಚೀಲ.

"ದೆತ್ ವಾರ್ ಯಾಗ್!" ಎಂದು ಕೂಗಿದ ರಾಜಶೇಖರ. ಅದು ನಾನೇ, ಎಂದು ಅರ್ಥ.

ಅಜ್ಜಿ ಬಿಳಿ ಬಟ್ಟೆ ನೋಡಿದಳು, ಮಂಡಿ ನೋಡಿದಳು, ಸೂರಿನತ್ತ ಎತ್ತಿದ ತಟ್ಟೆ ನೋಡಿದಳು. "ಏನು ಮಾಡಿದೆಯಪ್ಪಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಪೊಲೀಸರನ್ನು ಕರೆಯಬೇಕೇ?"

"ಬೇಡ! ಬೇಡ! ಜಾಲರಿ... ಟವೆಲ್... ಹಳದಿ ಚೀಟಿ..."

"ಓ, ಅದು!" ಅಜ್ಜಿಯ ಮುಖ ಅರಳಿತು. "ಅದು ನಾನೇ ಬರೆದದ್ದು. ಆಮೇಲೆ ಜಾಲರಿ ಎಷ್ಟು ಚೊಕ್ಕಟವಾಗಿತ್ತು! ನಾನು ಅವತ್ತೇ ಮರೆತೆ."

"ನೆಲ? ಕಿಟಕಿ? ಸೋಪಿನ ಖಾನೆ?"

"ನಾನು ಬರೆದದ್ದು ಒಂದೇ ಚೀಟಿ," ಎಂದು ಅಜ್ಜಿ ಒಂದು ನಿಪ್ಪಟ್ಟು ಎತ್ತಿಕೊಂಡಳು.

ಆಗ ಬಟ್ಟೆ ಒಣಹಾಕುವ ಪಕ್ಕದ ಕೋಣೆಯಿಂದ ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಬಾಗಿಲು ಸರಿಯಿತು. ನೇತುಹಾಕಿದ ಹಾಸಿಗೆ ಹೊದಿಕೆಗಳ ನಡುವಿನಿಂದ ಫಿಲೋಮಿನಾ ಬಂದಳು, ಹಿಂದೆ ಪಾವನಾ. ಅವಳ ಕೈಯಲ್ಲಿ ಒಂದು ಹಳದಿ ಚೀಟಿಗಳ ಕಟ್ಟು.

"ಸಾಕ್ಷಿಗಳೇ, ನೋಡಿದ್ರಾ?" ಎಂದಳು ಪಾವನಾ.

"ನೋಡಿದೆ ಮಾರಾಯ್ತಿ! ಎರಡೂ ಮಂಡಿ ನೆಲಕ್ಕೆ ತಾಗಿದ್ದು ಕಣ್ಣಾರೆ ನೋಡಿದೆ. ಡಿಗ್ರಿ ಉಂಟಲ್ಲ ಇವರಿಗೆ?"

"ಎರಡಿದೆ," ಎಂದಳು ಪಾವನಾ.

ರಾಜಶೇಖರ ಎದ್ದು ಪಂಚೆ ಕೊಡವಿದ. "ನಂಗೆ ಮೊದಲೇ ಗೊತ್ತಿತ್ತು."

"ಹೌದಾ? ಎರಡನೇ ಚೀಟಿಗೇ ನಿಮ್ಮ ಬಂಡವಾಳ ಗೊತ್ತಾಯ್ತು, ನಾಲ್ಕಕ್ಕೆ ನಿಲ್ಲಿಸೋಣ ಅಂತಿದ್ದೆ. ಇಂಗು ನಿಲ್ಲಿಸಿದ್ರಲ್ಲಾ, ಅದಕ್ಕೇ ಐದನೇದು." ಅಷ್ಟರಲ್ಲಿ ಪಾವನಾಳ ಕಣ್ಣು ತಟ್ಟೆಯ ಮೇಲೆ ಬಿತ್ತು. ನಗು ಅಲ್ಲೇ ನಿಂತಿತು. "ಅಯ್ಯೋ! ಅಮ್ಮನ ಕೋಡುಬಳೆ! ಬೇಕರಿಯಿಂದ ತರ್ತೀರ ಅಂದ್ಕೊಂಡಿದ್ದೆ ಕಣ್ರೀ! ಒಂದೂ ಬಿಟ್ಟಿಲ್ವಾ?"

"ಪರ್ಮಿಟ್ ಹೋಗತ್ತೆ ಅಂತ ಭಯ ಆಯ್ತು," ಎಂದ ರಾಜಶೇಖರ. ಈ ಸಲ ದನಿಯಲ್ಲಿ ಗತ್ತು ಇರಲಿಲ್ಲ. "ಕಂಪ್ಲೇಂಟ್ ಹೋದ್ರೆ, ಅರ್ಜಿ ಬೇರೆ ಇನ್ನೂ ಅಲ್ಲೇ ಇದೆ... ನಿಮ್ಮಿಬ್ರನ್ನೂ ಕರ್ಕೊಂಡು ಎಲ್ಲಿಗೆ ಹೋಗ್ಲಿ ಅಂತ."

ಪಾವನಾಳ ಸಿಟ್ಟು ಅರ್ಧಕ್ಕೆ ಇಳಿಯಿತು. "ಅಷ್ಟು ಹೆದರಿದ್ರಾ? ನಂಗೊಂದು ಮಾತು ಹೇಳ್ಬಾರ್ದಾ? ಜಾಲರಿಗೆಲ್ಲಾ ಯಾರಾದ್ರೂ ದೇಶ ಬಿಡಿಸ್ತಾರೇನ್ರೀ?" ಎಂದು ಅವನ ಶರಟಿಗೆ ಅಂಟಿದ್ದ ಜುಂಗನ್ನು ಬಿಡಿಸಿದಳು. ಬಿಡಿಸಿದವಳೇ, "ಆದ್ರೂ ಪಂಥ ಪಂಥಾನೇ. ನಡೀರಿ ಕಾರ್ಪೆಟ್‌ಗೆ," ಎಂದಳು.

ಹೀಗೆ ಆರೂವರೆಗೆ ರಾಜಶೇಖರನ ಪಟ್ಟಾಭಿಷೇಕ ಕಾರ್ಪೆಟ್ಟಿನ ಮೇಲೆ ನೆರವೇರಿತು. ಸೋಫಾದಲ್ಲಿ ಅವನು ಕನಸು ಕಂಡಿದ್ದ ಜಾಗದಲ್ಲಿ ಗುನ್ನೆಲ್ ಅಜ್ಜಿ ಕಂಬಳಿ ಹೊದ್ದು ಕುಳಿತಿದ್ದಳು, ತೊಡೆಯ ಮೇಲೆ ಆ ತಿಂಡಿಯ ತಟ್ಟೆ. ನಾಲ್ವರಿಗೆ ಕಾಫಿ ಮಾಡಿ ಕೊಟ್ಟು ಅವನು ಅವತ್ತಿನ ಕಂತನ್ನು ಬಾಯಿ ಮುಚ್ಚಿಕೊಂಡು ನೋಡತೊಡಗಿದ. ಐದು ನಿಮಿಷ ಮಾತ್ರ.

"ಏನೇ ಹೇಳಿ, ಈ ಮೇಯರ್ ಪೆದ್ದ. ಒಂದು ಸಲ ಏಮಾರಿದ ಮೇಲೂ ಎರಡನೇ ಸಲ ಚೀಟಿಗೆ ಹೆದರ್ತಾನಾ? ನಾನಾಗಿದ್ರೆ..."

ಠಪ್! ಮುಂಬಾಗಿಲಿನ ಟಪಾಲು ಕಿಂಡಿ ಸದ್ದಾಯಿತು. ಐವರೂ ತಿರುಗಿದರು. ಕಾಲೊರಸಿನ ಮೇಲೆ ಒಂದು ಹಾಳೆ ಬಿದ್ದಿತ್ತು.

ಹಳದಿ.

ರಾಜಶೇಖರ ಮೆಲ್ಲಗೆ ಎದ್ದ. ಹಾಳೆಯನ್ನು ತುಳಿಯದಂತೆ ದಾಟಿ, ಬಚ್ಚಲಿಂದ ಬಕೆಟ್ಟು, ಒರೆಸುವ ಬಟ್ಟೆ, ತನ್ನ ಹಲ್ಲುಜ್ಜುವ ಬ್ರಷ್ಷು ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಮುಕ್ಕಾಲು ಗಂಟೆಯ ನಂತರ, ತೋಳು ಮಡಿಸಿ, ಬೆವರೊರೆಸಿಕೊಳ್ಳುತ್ತ ಬಂದು ಕಾರ್ಪೆಟ್ಟಿನ ಮೇಲೆ ಕುಳಿತ.

"ಎಲ್ಲಾ ಕ್ಲೀನ್ ಮಾಡ್ಬಂದೆ," ಎಂದ. "ಏನಂತೆ ಈ ಸಲ?"

ಪಾವನಾ ಟೀವಿಯಿಂದ ಕಣ್ಣು ತೆಗೆಯದೆ ಹಾಳೆಯನ್ನು ಅವನ ತೊಡೆಯ ಮೇಲಿಟ್ಟಳು.

"ಎರಡು ಪಿಜ್ಜಾ ತಗೊಂಡ್ರೆ ಇನ್ನೊಂದು ಫ್ರೀ ಅಂತೆ."